ದ್ವಿಕ್ಲಿಕ್ಕೋತ್ತರ ಕರ್ಸರಿನ ಕಾಲ-ದೇಶ ವಿಚಾರ

ನಮ್ಮ ಸಾಹಿತ್ಯಚರಿತ್ರೆಗಳಲ್ಲಿ ಕವಿ ಏನು ಬರೆದ ಎಂಬುದು ಎರಡನೆಯ ಅಧ್ಯಾಯ. ಅವನು ಯಾವ ಕಾಲದವನು, ಯಾವ ಊರಿನವನು ಎಂಬುದೇ ಮೊದಲನೆಯದು. ‘ಕವಿರಾಜಮಾರ್ಗ’ದ ಕರ್ತೃ ನೃಪತುಂಗನೋ ಶ್ರೀವಿಜಯನೋ ಎಂದು ವಾದಿಸುತ್ತಲೇ ವಿದ್ವಾಂಸರು ಪಿಂಚಣಿಯ ವಯಸ್ಸು ತಲುಪಿದ್ದಾರೆ. ಇಷ್ಟು ಗಟ್ಟಿಯಾದ ಪರಂಪರೆಯುಳ್ಳ ನಾಡಿನಲ್ಲಿ ಒಂದು ಪ್ರಶ್ನೆ ಮಾತ್ರ ಹೇಳುವವರು ಕೇಳುವವರಿಲ್ಲದೆ ಬಿದ್ದಿದೆ: ವಿಕಿ ಪುಟದಲ್ಲಿ ಕಣ್ಣಿಗೆ ಬಿದ್ದ ಒಂದು ಕಾಗುಣಿತ ದೋಷದ ಮೇಲೆ ಎರಡು ಸಲ ಕ್ಲಿಕ್ಕಿಸಿ, ತಿದ್ದುವ ಪೆಟ್ಟಿಗೆ ತೆರೆದುಕೊಂಡಾಗ, ಕರ್ಸರ್ ಆ ದೋಷದ ಬಳಿ ಏಕೆ ಇರುವುದಿಲ್ಲ? ಪ್ರಸ್ತುತ ಸಂಪ್ರಬಂಧ ಈ ಕೊರತೆಯನ್ನು ತುಂಬುವ ವಿನಮ್ರ ಪ್ರಯತ್ನ. ವಿನಮ್ರ ಎಂಬ ಮಾತು ರೂಢಿಯಂತೆ ಸೇರಿಸಿದ್ದು.

ಮೊದಲು ಕಾಲವಿಚಾರ. ಡಗ್ಲಸ್ ಎಂಗೆಲ್‌ಬಾರ್ಟ್ ಮೌಸನ್ನು ಲೋಕಕ್ಕೆ ತೋರಿಸಿದ್ದು 1968ರ ಡಿಸೆಂಬರ್ 9ರಂದು. ವಾರ್ಡ್ ಕನಿಂಗ್‌ಹ್ಯಾಮ್ ಮೊದಲ ವಿಕಿಯನ್ನು ತೆರೆದದ್ದು 1995ರ ಮಾರ್ಚ್ 25ರಂದು. ಅವರ ವಿಕಿಯಲ್ಲಿ ತಿದ್ದುವ ಕೊಂಡಿ ಪುಟದ ಬುಡದಲ್ಲಿತ್ತು. ಪೂರ್ತಿ ಓದಿದವನಿಗೇ ತಿದ್ದುವ ಅಧಿಕಾರ ಎಂಬ ಧರ್ಮಸೂಕ್ಷ್ಮ ಇದರಲ್ಲಿ ಅಡಗಿದೆ ಎಂದು ನಾವು ಊಹಿಸುತ್ತೇವೆ. 2004ರ ಟಿಡ್ಲಿವಿಕಿಯ ಹೊತ್ತಿಗೆ ಆ ಸೂಕ್ಷ್ಮ ಮರೆತುಹೋಗಿ, ಬರಹದ ಮೇಲೆ ಎಲ್ಲೆಂದರಲ್ಲಿ ಎರಡು ಸಲ ಕುಟ್ಟಿದರೆ ಸಾಕೆಂದಾಯಿತು. ಆದರೆ ಕುಟ್ಟುವುದಕ್ಕೂ ವ್ಯಾಕರಣವಿದೆ. ವಿಂಡೋಸಿನ ಮೂಲ ಏರ್ಪಾಡಿನಲ್ಲಿ ಎರಡು ಕ್ಲಿಕ್ಕುಗಳ ನಡುವೆ 500 ಮಿಲಿಸೆಕೆಂಡು ಮೀರುವಂತಿಲ್ಲ, ಕೈ ಕೆಲವೇ ಪಿಕ್ಸೆಲ್‌ಗಳ ಚೌಕವನ್ನು ದಾಟುವಂತಿಲ್ಲ. ದಾಟಿದರೆ ಸಂಧಿ ಆಗದು. ಅವು ಒಂದರ ಪಕ್ಕ ಒಂದು ನಿಂತ ಎರಡು ಏಕಕ್ಲಿಕ್ಕುಗಳು, ಅಷ್ಟೆ. ವೃದ್ಧ ವಿದ್ವಾಂಸರ ಎಷ್ಟೋ ಪರಿಷ್ಕರಣೆಗಳು ಈ ಪ್ರಕೃತಿಭಾವದಲ್ಲೇ ನಿಂತುಹೋಗಿವೆ.

ಇನ್ನು ದೇಶವಿಚಾರ. ನಿಜವಾದ ಕಗ್ಗಂಟು ಇರುವುದು ಇಲ್ಲಿ.

ಪೂರ್ವಪಕ್ಷದವರು ಹೀಗೆನ್ನುತ್ತಾರೆ: ‘ನಾನು ಮೂರನೆಯ ಪ್ಯಾರಾದಲ್ಲಿ ಕ್ಲಿಕ್ಕಿಸಿದೆ, ಕರ್ಸರ್ ಮೂರನೆಯ ಪ್ಯಾರಾದಲ್ಲೇ ಇರತಕ್ಕದ್ದು.’ ಪಾಪ, ಮುಗ್ಧರು. ಅವರು ನೋಡಿದ್ದು ಒಂದು ಪಠ್ಯ, ತೆರೆದುಕೊಂಡದ್ದು ಇನ್ನೊಂದು. ಕಂಡದ್ದು ಬಡಿಸಿದ ಪುಟ. ಒಳಗಿರುವುದು ಚೌಕಾವರಣ, ಪುಷ್ಪಾವರಣ, ಅಪಾಸ್ಟ್ರಫಿಗಳು ಕಿಕ್ಕಿರಿದ ವಿಕಿಪಠ್ಯ. ವಿಕಿಪೀಡಿಯವನ್ನು ನಡೆಸುವ ಮೀಡಿಯಾವಿಕಿಯಲ್ಲಿ ದ್ವಿಕ್ಲಿಕ್ಕು ಮಾಡುವ ಕೆಲಸ ಒಂದೇ: ಮೇಲಿನ ‘ಸಂಪಾದಿಸಿ’ ಕೊಂಡಿಯನ್ನು ನಿಮ್ಮ ಪರವಾಗಿ ಒತ್ತುವುದು. ನೀವು ಎಲ್ಲಿ ಒತ್ತಿದಿರಿ ಎಂಬ ಸಂಗತಿ ಬ್ರೌಸರಿಗೆ ಗೊತ್ತು, ಪಿಕ್ಸೆಲ್ ಲೆಕ್ಕದಲ್ಲಿ ಗೊತ್ತು. ಆದರೂ ಅದನ್ನು ಮುಂದಿನ ಪುಟಕ್ಕೆ ಯಾರೂ ದಾಟಿಸುವುದಿಲ್ಲ. ಕೌಂಟರಿನಲ್ಲಿ ಅರ್ಜಿ ತೆಗೆದುಕೊಂಡು ವಿಳಾಸವಿದ್ದ ಹಾಳೆಯನ್ನಷ್ಟೇ ಕಸದ ಬುಟ್ಟಿಗೆ ಹಾಕುವ ಗುಮಾಸ್ತನ ಕ್ರಮವಿದು. ನಿಮ್ಮ ಮುಂದೆ ಬರುವುದು ಪುಟದ ತಲೆ, ಅಲ್ಲಿ ಮಾಹಿತಿಚೌಕದ ಟೆಂಪ್ಲೇಟು ಸಾಲುಗಟ್ಟಿ ನಿಂತಿರುತ್ತದೆ.

ಹಾಗಾದರೆ ದಾಟಿಸಬಾರದೇಕೆ ಎಂದು ಕೇಳುವ ಹುಡುಗರಿಗೆ ಎರಡು ದೃಷ್ಟಾಂತ. ಒಬ್ಬ ನಟನ ಪುಟದಲ್ಲಿ ಅವರ ವಯಸ್ಸು ಕಾಣುತ್ತದೆ. ಅದರ ಮೇಲೆ ಕ್ಲಿಕ್ಕಿಸಿ. ಮೂಲದಲ್ಲಿ ಆ ಸಂಖ್ಯೆ ಎಲ್ಲೂ ಇಲ್ಲ. ಇರುವುದು ಹುಟ್ಟಿದ ದಿನ ಮತ್ತು ಲೆಕ್ಕ ಹಾಕುವ ಟೆಂಪ್ಲೇಟು. ಇಲ್ಲದ ಅಕ್ಷರದ ಮುಂದೆ ಕರ್ಸರನ್ನು ನಿಲ್ಲಿಸುವುದು ಹೇಗೆ? ಎರಡನೆಯದು ಅಡಿಟಿಪ್ಪಣಿ. ಅದು ಕಾಣುವುದು ಪುಟದ ತಳದಲ್ಲಿ, ಬರೆದಿರುವುದು ನಡುವಿನ ಯಾವುದೋ ವಾಕ್ಯದ ಸೊಂಟದಲ್ಲಿ. ತಳದ ‘ಉಲ್ಲೇಖಗಳು’ ವಿಭಾಗವನ್ನು ತೆರೆದ ಹೊಸಬನಿಗೆ ಒಂದೇ ಒಂದು ಟೆಂಪ್ಲೇಟು ಸಿಗುತ್ತದೆ; ನಲವತ್ತು ಟಿಪ್ಪಣಿಗಳನ್ನು ಯಾರೋ ಕದ್ದರೆಂದು ಅವನು ಗಾಬರಿಯಾಗುತ್ತಾನೆ. ಶಿಲಾಶಾಸನವೇ ವಾಸಿ. ಒಡೆದಿರಬಹುದು, ಸವೆದಿರಬಹುದು, ಆದರೆ ಕಂಡ ಅಕ್ಷರ ಕಂಡಲ್ಲೇ ಇರುತ್ತದೆ.

ಪೂರ್ವಪಕ್ಷಕ್ಕೆ ನ್ಯಾಯ ಸಲ್ಲಿಸಲು ಒಂದು ಮಾತು ಹೇಳಲೇಬೇಕು. ಕಂಡದ್ದಕ್ಕೂ ಮೂಲಕ್ಕೂ ನಡುವೆ ನಕ್ಷೆ ಹಾಕಲಾಗದು ಎಂಬುದು ಪೂರ್ಣಸತ್ಯವಲ್ಲ. 2013ರಲ್ಲಿ ವಿಕಿಪೀಡಿಯಕ್ಕೆ ಬಂದ ವಿಷುಯಲ್ ಎಡಿಟರಿನ ಹಿಂದಿರುವ ಪಾರ್ಸಾಯ್ಡ್, ಪುಟದ ಯಾವ ತುಣುಕು ಮೂಲದ ಎಷ್ಟನೆಯ ಅಕ್ಷರದಿಂದ ಎಷ್ಟನೆಯದರವರೆಗೆ ಎಂದು ಬರೆದಿಟ್ಟುಕೊಳ್ಳಬಲ್ಲದು. ನಕ್ಷೆ ಇದೆ, ದಾರಿ ತಪ್ಪಿದವನೂ ಇದ್ದಾನೆ, ಇಬ್ಬರಿಗೂ ಪರಿಚಯವಿಲ್ಲ.

ಕನ್ನಡ ವಿಕಿಪೀಡಿಯದಲ್ಲಿ ಈ ವ್ಯಥೆಗೆ ಲಿಪಿಯ ಒಗ್ಗರಣೆಯೂ ಉಂಟು. ಉರುಳಿಸಿ ಉರುಳಿಸಿ ಕೊನೆಗೆ ಸರಿಯಾದ ಪದವನ್ನು ತಲುಪಿದೆವು ಎನ್ನಿ, ಪದದೊಳಗೆ ಎಲ್ಲಿ? ‘ಸ್ತ್ರೀ’ ಎಂಬುದು ಕಣ್ಣಿಗೆ ಒಂದಕ್ಷರ, ಯೂನಿಕೋಡಿಗೆ ಆರು. ‘ಧರ್ಮ’ದ ಕೊನೆಯಲ್ಲಿ ಅರ್ಕಾವತ್ತು ಕಾಣುತ್ತದೆಂದು ಅದನ್ನು ಅಳಿಸಲು ಬ್ಯಾಕ್‌ಸ್ಪೇಸ್ ಒತ್ತಿದರೆ ಹೋಗುವುದು ಮಕಾರ, ‘ಧರ್’ ಎಂದು ಗದರಿಸುವ ರೇಫ ಎದ್ದು ನಿಲ್ಲುತ್ತದೆ, ಏಕೆಂದರೆ ಸಂಗ್ರಹದಲ್ಲಿ ಅದು ಮೊದಲೇ ಬಂದಿತ್ತು. ಒತ್ತಕ್ಷರವನ್ನು ಒಡೆಯದ ಒಂದೇ ಘಟಕವೆಂದು ಎಣಿಸುವ ನಿಯಮವನ್ನು ಯೂನಿಕೋಡ್ 2023ರ 15.1ನೆಯ ಆವೃತ್ತಿಯಲ್ಲಿ ಸೇರಿಸಿತು. ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಆ ಪಟ್ಟಿಯಲ್ಲಿವೆ. ಕನ್ನಡ ಇಲ್ಲ. ಇದನ್ನು ಗಡಿ ವಿವಾದವಾಗಿಸುವ ಉದ್ದೇಶ ನಮಗಿಲ್ಲ, ಸದ್ಯಕ್ಕೆ.

ಕರ್ಸರಿನ ಸ್ಥಾನ ತಪ್ಪಿದ್ದನ್ನು ಗಮನಿಸದೆ ಟೈಪಿಸಿದವರಿಂದ ಹುಟ್ಟುವುದೇ ಪ್ರಕ್ಷಿಪ್ತ. ಪಂಪನ ಪ್ರತಿಗಳಲ್ಲಿ ಯಾವ ಲಿಪಿಕಾರ ಎಲ್ಲಿ ಕೈಯಾಡಿಸಿದ ಎಂದು ನಾವು ಓಲೆಗರಿ ತಿರುವಿ ಬೆವರುತ್ತೇವೆ. ವಿಕಿಯಲ್ಲಿ ಮಾಹಿತಿಚೌಕದ ತಲೆಯ ಮೇಲೆ ಒಂಟಿಯಾಗಿ ಕುಳಿತ ‘ದ’ಕಾರದ ಕರ್ತೃ, ದಿನ, ಗಂಟೆ, ನಿಮಿಷ ಎಲ್ಲವೂ ‘ಇತಿಹಾಸ’ದಲ್ಲಿ ದಾಖಲಾಗಿರುತ್ತವೆ. ‘ಚಿಕ್ಕ ಬದಲಾವಣೆ’ ಎಂದು ಆತ ಗುರುತು ಹಾಕಿದ್ದೂ ಸಿಗುತ್ತದೆ. ಇಂಥ ಪ್ರಕ್ಷಿಪ್ತದಲ್ಲಿ ಊಹೆಗೆ ಜಾಗವಿಲ್ಲ. ಊಹೆಗೆ ಜಾಗವಿಲ್ಲದ ಕಡೆ ವಿದ್ವತ್ತಿಗೆ ಏನು ಕೆಲಸ? ವಿಶ್ವವಿದ್ಯಾಲಯಗಳು ಈ ಕ್ಷೇತ್ರವನ್ನು ಕಡೆಗಣಿಸಲು ಇದೇ ಕಾರಣವಿರಬೇಕು.

ಕೊನೆಯದಾಗಿ, ಪಿಎಚ್‌ಡಿ ನಿಯಮದಂತೆ, ಅಧ್ಯಯನದ ವ್ಯಾಪ್ತಿ ಮತ್ತು ಮಿತಿ. ಮೀಡಿಯಾವಿಕಿಯಲ್ಲಿ ದ್ವಿಕ್ಲಿಕ್ಕಿನಿಂದ ತಿದ್ದುವ ಸೌಲಭ್ಯ ತಾನಾಗಿ ಜಾರಿಯಲ್ಲಿರುವುದಿಲ್ಲ. ಲಾಗಿನ್ ಆದವರು ತಮ್ಮ ಪ್ರಾಶಸ್ತ್ಯಗಳ ಪುಟಕ್ಕೆ ಹೋಗಿ, ಸಂಪಾದನೆಯ ವಿಭಾಗದಲ್ಲಿ ಒಂದು ಚೌಕಕ್ಕೆ ತಾವೇ ಗುರುತು ಹಾಕಿಕೊಂಡಿದ್ದರೆ ಮಾತ್ರ ಮೇಲ್ಕಂಡ ಸಮಸ್ತ ಸಂಕಟಗಳೂ ಪ್ರಾಪ್ತವಾಗುತ್ತವೆ. ಆ ಗುರುತನ್ನು ತೆಗೆದು ವಿಭಾಗದ ಪಕ್ಕದ ‘ಸಂಪಾದಿಸಿ’ಯನ್ನು ಒತ್ತಿದರೆ ಕರ್ಸರ್ ದೋಷದ ಹತ್ತಿರಕ್ಕಾದರೂ ಬರುತ್ತದೆ ಎಂದು ಮಾರ್ಗದರ್ಶಕರು ಸೂಚಿಸಿದರು. ಆದರೆ ಹಾಗೆ ಮಾಡಿದರೆ ಎರಡನೆಯ ಸಂಪುಟಕ್ಕೆ ವಿಷಯ ಉಳಿಯುವುದಿಲ್ಲವಾದ್ದರಿಂದ ಸಂಶೋಧಕರು ಆ ಸೂಚನೆಯನ್ನು ಗೌರವಪೂರ್ವಕವಾಗಿ ತಿರಸ್ಕರಿಸಿದ್ದಾರೆ.