ಅನುದಾನ ಮೀಮಾಂಸೆ: ದಕ್ಷಿಣ ಬೆಂಗಳೂರಿನ ವೈದ್ಯಕೀಯ ಸಂಶೋಧನೆಯಲ್ಲಿ ಹಣದ ಇರವು ಮತ್ತು ಇಲ್ಲದಿರವಿನ ಒಂದು ಬಹುಆಯಾಮಿಕ ಅಧ್ಯಯನ

ಪ್ರಸ್ತಾವನೆ. ಜಯನಗರ ನಾಲ್ಕನೇ ಟಿ ಬ್ಲಾಕಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಿಂದ ಹೊರಟು, ಹೊಸೂರು ರಸ್ತೆಯ ನಿಮ್ಹಾನ್ಸ್ ಮತ್ತು ಕಿದ್ವಾಯಿಯನ್ನು ಮುಟ್ಟಿ, ಬನ್ನೇರುಘಟ್ಟ ರಸ್ತೆಯ ಜಯದೇವದಲ್ಲಿ ತಿರುಗಿ, ಬನಶಂಕರಿ ಎರಡನೇ ಹಂತದ ಕಿಮ್ಸ್‌ಗೆ ಗೆರೆ ಎಳೆದರೆ ಒದಗುವ ಸೊಟ್ಟ ಆಕೃತಿಯನ್ನು ಪ್ರಸ್ತುತ ಪ್ರಬಂಧವು ‘ಅನುದಾನ ಕ್ಷೇತ್ರ’ ಎಂದು ನಿರ್ದೇಶಿಸುತ್ತದೆ. ಈ ಕ್ಷೇತ್ರದಲ್ಲಿ ರೋಗದ ಮೇಲೆ ನಡೆದ ಸಂಶೋಧನೆಯನ್ನು ಪೂರ್ವಸೂರಿಗಳು ವಿಪುಲವಾಗಿ ಚರ್ಚಿಸಿದ್ದಾರೆ. ಹಣದ ಮೇಲೆ ನಡೆಯುವ ಸಂಶೋಧನೆ, ಅಂದರೆ ಅದು ಎಲ್ಲಿದೆ, ಹೊರಟಿದೆಯೇ, ಬಂದಿದ್ದರೆ ಯಾಕೆ ಕಾಣುತ್ತಿಲ್ಲ ಎಂಬ ಜಿಜ್ಞಾಸೆ ಮಾತ್ರ ಉಪೇಕ್ಷೆಗೆ ಒಳಗಾಗಿದೆ. ಸಂಶೋಧಕರ ದಿನದ ಬಹುಪಾಲು ಎರಡನೆಯದರಲ್ಲೇ ಕಳೆಯುವುದರಿಂದ ಇದನ್ನು ಸ್ವತಂತ್ರ ಜ್ಞಾನಶಿಸ್ತೆಂದು ಪರಿಗಣಿಸಲು ಯಾವ ಅಡ್ಡಿಯೂ ಇಲ್ಲ.

ತಾತ್ವಿಕ ಚೌಕಟ್ಟು. ಅನುದಾನಕ್ಕೆ ಅವಸ್ಥೆಗಳು ನಾಲ್ಕು. ಮಂಜೂರಾತಿ ಪತ್ರ ಬಂದು ಹಣ ಬಾರದಿರುವುದು ಸ್ವಪ್ನ. ಈ ಹಂತದಲ್ಲಿ ವಿಭಾಗದಲ್ಲಿ ಸಿಹಿ ಹಂಚಲಾಗುತ್ತದೆ. ಮೊದಲ ಕಂತು ಬಂದದ್ದು ಜಾಗೃತಿ; ಅಲ್ಪಾಯು. ಎರಡನೇ ಕಂತಿಗೆ ಕಾಯುವುದು ಸುಷುಪ್ತಿ. ಇಲ್ಲಿ ಕಾಲದ ಅರಿವಿರುವುದಿಲ್ಲ, ದೆಹಲಿಯಲ್ಲಿ ಫೋನ್ ಎತ್ತುವವರೂ ಇರುವುದಿಲ್ಲ. ನಾಲ್ಕನೆಯದಾದ ತುರೀಯವು 2022ರ ಏಪ್ರಿಲ್‌ನಿಂದೀಚೆಗೆ ಪಾಮರರಿಗೂ ಲಭ್ಯವಾಗಿದೆ. ಅದಕ್ಕೂ ಮೊದಲು ಹಣ ಸಂಸ್ಥೆಯ ಖಾತೆಗೆ ಬಂದು ಕೂರುತ್ತಿತ್ತು. ಈಗ ಕೇಂದ್ರ ನೋಡಲ್ ಏಜೆನ್ಸಿ ಇದೆ, ಟ್ರೆಜರಿ ಸಿಂಗಲ್ ಅಕೌಂಟ್ ಇದೆ, ಸಂಸ್ಥೆಗೊಂದು ಝೀರೋ ಬ್ಯಾಲೆನ್ಸ್ ಖಾತೆ ಇದೆ. ಖಾತೆಯಲ್ಲಿರುವುದು ಹಣವಲ್ಲ, ಖರ್ಚಿನ ಮಿತಿ. ಬಿಲ್ ಪಾಸಾಗುವ ಕ್ಷಣದಲ್ಲಿ ಮಾತ್ರ ಹಣ ಪ್ರತ್ಯಕ್ಷವಾಗಿ ಮರುಕ್ಷಣ ಅಂತರ್ಧಾನವಾಗುತ್ತದೆ. ಶರಣರು ಜೀವಮಾನವಿಡೀ ಹೆಣಗಿದ ಶೂನ್ಯಸಂಪಾದನೆಯನ್ನು ಹಣಕಾಸು ಸಚಿವಾಲಯ ಸುತ್ತೋಲೆಯ ಮೂಲಕ ಕೈಗೂಡಿಸಿದೆ.

ಸರ್ಕಾರದ ವಾದದಲ್ಲಿ ಹುರುಳಿಲ್ಲವೆಂದು ಹೇಳಲಾಗದು. ಒಂದು ಕಡೆ ತಾನು ಬಡ್ಡಿಗೆ ಸಾಲ ತರುತ್ತಿರುವಾಗ, ಇನ್ನೊಂದು ಕಡೆ ತನ್ನದೇ ದುಡ್ಡು ಬ್ಯಾಂಕುಗಳಲ್ಲಿ ಸುಮ್ಮನೆ ಮಲಗಿರುವುದು ಯಾವ ಸಂಸಾರಸ್ಥನಿಗೂ ಸಹ್ಯವಲ್ಲ. ಆದರೆ ಟ್ರೆಜರಿ ಸಿಂಗಲ್ ಅಕೌಂಟಿನಲ್ಲಿ ಬಳಸದ ಮಿತಿ ಮಾರ್ಚ್ 31ಕ್ಕೆ ಲ್ಯಾಪ್ಸ್ ಆಗುತ್ತದೆ. ಹೊಸ ವರ್ಷದ ಮಿತಿ ಇಳಿಯುವವರೆಗೆ ಕ್ಷಯದ ರೋಗಾಣು ತನ್ನ ವೃದ್ಧಿಯನ್ನು ನಿಲ್ಲಿಸಿ ಸಹಕರಿಸತಕ್ಕದ್ದೇ ಎಂಬ ಬಗ್ಗೆ ಮಾರ್ಗಸೂಚಿ ಮೌನ ವಹಿಸಿದೆ.

ಪೂರ್ವಪಕ್ಷ. ದೇಶದ ಸಂಶೋಧನಾ ವೆಚ್ಚ 2020–21ರಲ್ಲಿ ಜಿಡಿಪಿಯ ಶೇ 0.64 ಮಾತ್ರ, ಇದನ್ನು ಸರಿಪಡಿಸಲೆಂದೇ ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ ಬಂದಿದೆಯಲ್ಲ ಎಂದು ಪ್ರತಿವಾದಿಗಳು ಕೇಳಬಹುದು. ಬಂದಿದೆ. 2023ರ ಕಾಯ್ದೆ, 2024ರ ಫೆಬ್ರುವರಿಯಲ್ಲಿ ಜಾರಿ, ಆಡಳಿತ ಮಂಡಳಿಗೆ ಪ್ರಧಾನಿಯವರೇ ಅಧ್ಯಕ್ಷರು. ಹಳೆಯ ವಿಜ್ಞಾನ ಮತ್ತು ಎಂಜಿನಿಯರಿಂಗ್ ಸಂಶೋಧನಾ ಮಂಡಳಿ (ಎಸ್‌ಇಆರ್‌ಬಿ) ಅದರಲ್ಲಿ ಲೀನವಾಯಿತು. ಐದು ವರ್ಷಕ್ಕೆ 50,000 ಕೋಟಿ ರೂಪಾಯಿ ಎಂಬ ಘೋಷಣೆಯ ಒಳಗೆ ಇಣುಕಿದರೆ ಸರ್ಕಾರದ ಪಾಲು 14,000 ಕೋಟಿ; ಮಿಕ್ಕ 36,000 ಕೋಟಿ ಉದ್ಯಮಗಳು, ದಾನಿಗಳು ಮುಂತಾದ ಕಡೆಯಿಂದ ಬರಬೇಕು. ಛತ್ರ ಹಿಡಿದು, ಲಗ್ನಪತ್ರಿಕೆ ಅಚ್ಚು ಹಾಕಿಸಿ, ಮುಕ್ಕಾಲು ಖರ್ಚು ಬೀಗರದೆಂದು ಬೀಗರಿಗೊಂದು ಮಾತೂ ಹೇಳದೆ ಊರಿಗೆಲ್ಲ ಹಂಚಿದ ಹಾಗೆ.

ತೆರಿಗೆ ಪ್ರಕರಣ. ಸಾರ್ವಜನಿಕ ಸಂಶೋಧನಾ ಸಂಸ್ಥೆಗಳು ಕೊಳ್ಳುವ ಉಪಕರಣಗಳಿಗೆ ಶೇ 5ರ ರಿಯಾಯಿತಿ ಜಿಎಸ್‌ಟಿ ಇತ್ತು. 2022ರ ಜುಲೈ 18ರಿಂದ ಅದು ಹೋಯಿತು. ಹಳೆಯ ಬಜೆಟ್ಟಿನಲ್ಲಿ ಮಂಜೂರಾದ ಯಂತ್ರ ಹೊಸ ತೆರಿಗೆಯಲ್ಲಿ ಕೈಗೆಟುಕಲಿಲ್ಲ. 2024ರಲ್ಲಿ ಅನುದಾನಕ್ಕೇ ಜಿಎಸ್‌ಟಿ ಕಟ್ಟಿ ಎಂಬ ನೋಟಿಸುಗಳು ಸುದ್ದಿಯಾದವು; ಸೆಪ್ಟೆಂಬರ್ 9ರಂದು ಜಿಎಸ್‌ಟಿ ಮಂಡಳಿ ವಿನಾಯಿತಿಗೆ ಶಿಫಾರಸು ಮಾಡಿ ಮಾನ ಉಳಿಸಿತು.

ಅಂತರರಾಷ್ಟ್ರೀಯ ಆಯಾಮ. ವಿದೇಶಿ ದೇಣಿಗೆ ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸಬಾರದೆಂದು ನಾವು 2020ರ ಎಫ್‌ಸಿಆರ್‌ಎ ತಿದ್ದುಪಡಿಯಲ್ಲಿ ಹೇಳಿದೆವು. 2025ರ ಮೇ 1ರಂದು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ (ಎನ್‌ಐಎಚ್), ವಿದೇಶಿ ಸಂಸ್ಥೆಗಳಿಗೆ ಉಪ-ಅನುದಾನ ಹಂಚುವ ಹೊಸ ಯೋಜನೆಗಳಿಗೆ ಸದ್ಯಕ್ಕೆ ಹಣವಿಲ್ಲವೆಂದಿತು. ಕೊಡುವುದಿಲ್ಲ ಎಂಬುವವನಿಗೂ ಹಂಚಬೇಡಿ ಎಂಬುವವನಿಗೂ ಇಷ್ಟು ಸೊಗಸಾದ ದ್ವಿಪಕ್ಷೀಯ ಸಹಮತ ಬೇರೆ ಯಾವ ವಿಷಯದಲ್ಲೂ ಕಂಡುಬಂದಿಲ್ಲ.

ಖರೀದಿ ಪ್ರಕರಣ, ಪೋರ್ಟಲ್ ಪ್ರಕರಣ, ಜಿಎಫ್‌ಆರ್ 12-ಎ ನಮೂನೆಯ ಬಳಕೆ ಪ್ರಮಾಣಪತ್ರದಲ್ಲಿ ಪೈಸೆ ತಾಳೆಯಾಗದಿದ್ದಾಗ ಉದ್ಭವಿಸುವ ಅಸ್ತಿತ್ವವಾದ, ಇವನ್ನೆಲ್ಲ ಉಪಪ್ರಭೇದಗಳಾಗಿ ವಿಂಗಡಿಸುವ ಯೋಜನೆ ಇತ್ತು. ಬೇಡ. 2025ರ ಜೂನ್‌ನಲ್ಲಿ ಖರೀದಿ ನಿಯಮ ಸಡಿಲಿಸಿದ್ದಾರೆ. ಸಂಸ್ಥೆಯ ಮುಖ್ಯಸ್ಥರು ಸರ್ಕಾರಿ ಖರೀದಿಯ ಜೆಮ್ ಪೋರ್ಟಲ್ಲಿನ ಹೊರಗೂ ಕೊಳ್ಳಬಹುದು, ನೇರ ಖರೀದಿಯ ಮಿತಿ ಒಂದು ಲಕ್ಷದಿಂದ ಎರಡು ಲಕ್ಷವಾಗಿದೆ. ಒಳ್ಳೆಯದಾಯಿತು. ಅದಕ್ಕೆ ‘ಈಸ್ ಆಫ್ ಡೂಯಿಂಗ್ ರಿಸರ್ಚ್’ ಎಂದು ಹೆಸರಿಟ್ಟು ಬೆನ್ನು ತಟ್ಟಿಕೊಂಡಿದ್ದೂ ಆಯಿತು. ಹಾಗಾದರೆ ಅಷ್ಟು ವರ್ಷ ನಡೆಯುತ್ತಿದ್ದದ್ದಕ್ಕೆ ಏನೆನ್ನುವುದು?

ನಿಯಮ ಬದಲಾದಾಗಲೆಲ್ಲ ಪ್ರೊಫೆಸರರ ಸಂಬಳ ನಿಲ್ಲುವುದಿಲ್ಲ. ಸುತ್ತೋಲೆ ಬರೆದವರದ್ದಂತೂ ಒಂದು ದಿನ ಆಚೀಚೆಯಾಗುವುದಿಲ್ಲ. ನಿಲ್ಲುವುದು ಪ್ರಾಜೆಕ್ಟಿನ ಹುಡುಗ ಹುಡುಗಿಯರದ್ದು. ಜೂನಿಯರ್ ರಿಸರ್ಚ್ ಫೆಲೋಶಿಪ್ (ಜೆಆರ್‌ಎಫ್) ಮೊತ್ತವನ್ನು 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿಗೆ ಏರಿಸಿದ ಆದೇಶ ಎಲ್ಲರ ಬಳಿಯೂ ಇದೆ. ಆದೇಶವನ್ನು ಬಿಟಿಎಂ ಲೇಔಟಿನ ಪಿಜಿ ಓನರ್ ಬಾಡಿಗೆಯೆಂದು ಸ್ವೀಕರಿಸುವುದಿಲ್ಲ. ‘ಲಿಮಿಟ್ ಬಂದಿಲ್ಲ ಅಂಕಲ್’ ಎಂದರೆ ಅವರಿಗೆ ಅರ್ಥವಾಗುವುದಿಲ್ಲ, ಅರ್ಥವಾಗಬೇಕಾಗಿಯೂ ಇಲ್ಲ. ಎಂಎಸ್ಸಿ ಮಾಡಿ, ನೆಟ್ ಪಾಸು ಮಾಡಿ, ಕೆಲಸ ಮಾಡಿದ ತಿಂಗಳ ದುಡ್ಡಿಗೆ ಮನೆಯಲ್ಲಿ ಅಪ್ಪನ ಹತ್ತಿರ ಕೈಯೊಡ್ಡಬೇಕಾದ ಇಪ್ಪತ್ತೇಳು ವರ್ಷದವಳಿಗೆ ‘ವಿಕಸಿತ ಭಾರತ’ದ ಸ್ಲೈಡು ತೋರಿಸಲು ನಾಚಿಕೆಯಾಗಬೇಕು. ಇದನ್ನು ಪ್ರಬಂಧದ ಭಾಷೆಯಲ್ಲಿ ಬರೆಯಲು ನನಗೆ ಬರುವುದಿಲ್ಲ.

ಕ್ಷೇತ್ರಕಾರ್ಯ. ಕನಕಪುರ, ಹಾರೋಹಳ್ಳಿ ಕಡೆಯಿಂದ ಆರು ತಿಂಗಳಿಗೊಮ್ಮೆ ಬಂದು ರಕ್ತ ಕೊಟ್ಟು ಹೋಗುವವರ ಮೇಲೆಯೇ ದೀರ್ಘಾವಧಿ ಅಧ್ಯಯನಗಳು ನಿಂತಿವೆ. ಒಂದು ಸುತ್ತು ತಪ್ಪಿದರೆ ಆ ರಕ್ತವನ್ನು ಯಾವ ಪರಿಷ್ಕೃತ ಅಂದಾಜಿನಲ್ಲೂ ಮತ್ತೆ ತೆಗೆಯಲಾಗದು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಹೆಂಗಸರು ಟಿಕೆಟ್ಟಿನ ಖರ್ಚಿಲ್ಲದೆ ಬರುತ್ತಾರಾದ್ದರಿಂದ, ಕರ್ನಾಟಕ ಸರ್ಕಾರ ತನಗೇ ಗೊತ್ತಿಲ್ಲದೆ ಕೇಂದ್ರದ ಸಂಶೋಧನೆಗೆ ಸಹ-ಅನುದಾನ ನೀಡುತ್ತಿದೆ. ಇದಕ್ಕೆ ಬಳಕೆ ಪ್ರಮಾಣಪತ್ರವನ್ನು ಯಾರೂ ಕೇಳಿಲ್ಲ. ಗಂಡಸರ ಬಸ್ ಚಾರ್ಜನ್ನು ಟ್ರಾವೆಲ್ ಹೆಡ್ಡಿಗೆ ಹಾಕಬೇಕೋ ಕಂಟಿಂಜೆನ್ಸಿಗೋ ಎಂದು ಸ್ಪಷ್ಟನೆ ಕೋರಿ ಪತ್ರ ಬರೆಯಲಾಗಿದೆ. ಉತ್ತರ ಬರುವವರೆಗೆ, ಸಂಬಳ ಬಾರದ ಆ ಹುಡುಗಿಯೇ ತನ್ನ ಫೋನಿನಿಂದ ಅವರಿಗೆ ಬಸ್ ಚಾರ್ಜು ಕಳಿಸುತ್ತಿದ್ದಾಳೆ.