ಎರೆನೆಲ ಮತ್ತು ಒಂಟಿಗಾಲು

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯಲ್ಲಿ ಬುಲೆಟ್ ಬೈಕ್ ಓಡಿಸಬಲ್ಲವರಿಗೂ ಅದನ್ನು ನಿಲ್ಲಿಸಬಲ್ಲವರಿಗೂ ಇರುವ ಅಂತರವು ವಿದ್ವಾಂಸರ ಗಮನಕ್ಕೆ ಇನ್ನೂ ಬಂದಂತಿಲ್ಲ. ಸುಮಾರು 190 ಕಿಲೋ ತೂಗುವ ಈ ವಾಹನದಲ್ಲಿ ಎಡಕ್ಕೆ ಚಾಚುವ ಒಂಟಿಗಾಲನ್ನು ಸೈಡ್ ಸ್ಟ್ಯಾಂಡ್ ಎಂದೂ, ಹಿಂದಿನ ಗಾಲಿಯನ್ನು ನೆಲದಿಂದ ಎತ್ತಿ ಹಿಡಿಯುವ ಜೋಡುಗಾಲನ್ನು ಡಬಲ್ ಸ್ಟ್ಯಾಂಡ್ ಎಂದೂ ಕರೆಯಲಾಗುತ್ತದೆ. ಸವಣೂರಿನ ಎರೆನೆಲ, ಅಂದರೆ ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವ ಕಪ್ಪು ಮಣ್ಣು, ಬೇಸಿಗೆಯಲ್ಲಿ ಆ ಒಂಟಿಗಾಲನ್ನು ಗೌರವದಿಂದ ಹೊತ್ತರೂ ಮುಂಗಾರಿನಲ್ಲಿ ಮೆಲ್ಲಗೆ ನುಂಗತೊಡಗುತ್ತದೆ. ಸವಾರನು ಗಿರ್ಮಿಟ್ಟು, ಮಿರ್ಚಿ ಮುಗಿಸಿ ಹೊರಬರುವಷ್ಟರಲ್ಲಿ ಬುಲೆಟ್ಟು ಸಾಷ್ಟಾಂಗ ಹಾಕಿರುತ್ತದೆ. ಒಂಟಿಗಾಲಿನಡಿ ಚಪ್ಪಟೆ ಕಲ್ಲನ್ನಿಟ್ಟರೆ ಭಾರವು ಹರಡಿ ಅದು ಹೂತುಹೋಗದೆಂಬುದು ಭೌತಶಾಸ್ತ್ರ. ಆ ಕಲ್ಲು ಮರುದಿನ ಇನ್ನೊಬ್ಬರ ಬೈಕಿನಡಿ ಕಾಣಿಸುವುದು ಸಮಾಜಶಾಸ್ತ್ರ.

ಮಲೆನಾಡಿನ ಸೆರಗಿನ ಹಾನಗಲ್, ಹಿರೇಕೆರೂರುಗಳ ಇಳಿಜಾರಿನಲ್ಲಿ ಮುಂಗಾಲಿಯನ್ನು ಏರಿನ ಕಡೆಗಿಟ್ಟು, ಮೊದಲ ಗೇರಿನಲ್ಲಿ ಬಿಟ್ಟು, ಹ್ಯಾಂಡಲನ್ನು ಎಡಕ್ಕೆ ತಿರುಗಿಸಿದರೆ ವಾಹನವು ಮುಂದೆ ಉರುಳಿ ಸ್ಟ್ಯಾಂಡ್ ಮಡಚಿಕೊಳ್ಳುವ ಭಯ ಬಹುಮಟ್ಟಿಗೆ ತಪ್ಪುತ್ತದೆ.

ಡಬಲ್ ಸ್ಟ್ಯಾಂಡಿನ ವಿಷಯದಲ್ಲಿ ಮಾತ್ರ ಪಂಥಭೇದವಿದೆ. ತೋಳ್ಬಲದಿಂದ ಎತ್ತುವ ಪಂಥವು ಸೊಂಟ ಹಿಡಿದುಕೊಂಡು ಮನೆ ಸೇರಿದರೆ, ಸ್ಟ್ಯಾಂಡಿನ ಎರಡೂ ಪಾದಗಳು ನೆಲಕ್ಕೆ ಸಮನಾಗಿ ತಾಗಿದ್ದನ್ನು ಖಚಿತಪಡಿಸಿಕೊಂಡು, ಬಲಗಾಲಿನಿಂದ ಅದರ ಮೇಲೆ ಮೈಭಾರವನ್ನೆಲ್ಲ ಹಾಕಿ, ಉಳಿದದ್ದನ್ನು ಸನ್ನೆಕೋಲಿನ ತತ್ತ್ವಕ್ಕೆ ಒಪ್ಪಿಸುವ ಪಂಥವು ಬೆವರಿಲ್ಲದೆ ಗೆಲ್ಲುತ್ತದೆ. ಶಿಗ್ಗಾಂವಿಯ ಪೇಟೆಯಲ್ಲಿ ಈ ಪ್ರಯೋಗಕ್ಕಿಳಿದವನಿಗೆ ‘ಒತ್ರೀ’, ‘ಎತ್ರೀ’ ಎಂದು ಏಕಕಾಲಕ್ಕೆ ವಿರುದ್ಧ ಸಲಹೆ ನೀಡುವ ಹಿರಿಯರಿಗೆ ಕೊರತೆಯಿಲ್ಲ. ಅವರಲ್ಲಿ ಹೆಚ್ಚಿನವರು ಸೈಕಲ್ಲಿನವರು.