ಇಂಡಿಕೇಟರಿನ ಗಾಬರಿ

ಹಳೇ ಕಾರಿಗೆ ಎಲ್‌ಇಡಿ ಇಂಡಿಕೇಟರ್ ಹಾಕಿಸಿದ ಮಿತ್ರರೊಬ್ಬರು ಎಡಕ್ಕೆ ತಿರುಗುವಾಗ ನೋಡಬೇಕು. ದೀಪ ಟಿಕ್‌ಟಿಕ್‌ಟಿಕ್ ಎಂದು ಒಂದೇ ಸಮನೆ ಬಡಬಡಿಸುತ್ತದೆ! ಬಲ್ಬಿನದೇನೂ ತಪ್ಪಿಲ್ಲ. ಹಳೇ ಬಲ್ಬು 21 ವ್ಯಾಟ್, ಅಂದರೆ ಸುಮಾರು ಒಂದೂಮುಕ್ಕಾಲು ಆಂಪಿಯರ್ ಕರೆಂಟ್ ಕುಡಿಯುತ್ತಿತ್ತು. ಹೊಸದು ಮಿತಾಹಾರಿ. ಅಳಿಯ ಎರಡೇ ಇಡ್ಲಿಗೆ ಕೈ ತೊಳೆದರೆ "ಮೈಯಲ್ಲಿ ಹುಷಾರಿಲ್ವೇ?" ಎನ್ನುವ ಅತ್ತೆಯಂತೆ, ದೀಪ ಮಿಣುಕಿಸುವ ಫ್ಲ್ಯಾಷರ್ ರಿಲೇ, ಬಲ್ಬೇ ಸುಟ್ಟಿದೆಯೆಂದು ಗಾಬರಿಬೀಳುತ್ತದೆ.

"ರೆಸಿಸ್ಟರ್ ಹಾಕಿದ್ರಾಯ್ತು ಬಿಡಿ ಸಾರ್" ಎನ್ನುತ್ತಾನೆ ಮೆಕ್ಯಾನಿಕ್. ಎಲ್‌ಇಡಿ ಉಳಿಸಿದ ಕರೆಂಟನ್ನೆಲ್ಲ ಅದು ಕುಡಿದು, ಕಾದು ಕೆಂಡವಾಗಿ ಮುಗಿಸುತ್ತದೆ (ಭಲೇ ಉಳಿತಾಯ!). ಪ್ಲಾಸ್ಟಿಕ್ಕಿಗೆ ತಾಗಿಸಿ ಕಟ್ಟಿದರಂತೂ ಅದೂ ಕರಗೀತು. ಎಲ್‌ಇಡಿಗೆಂದೇ ಬೇರೆ ರಿಲೇ ಸಿಗುತ್ತದೆ, ಅದನ್ನೇ ಕೇಳಿ. ಇನ್ನು ಬಲ್ಬು ಉರಿಯಲೇ ಇಲ್ಲವೋ, ಅಂಗಡಿಯವನ ಮೇಲೆ ಹರಿಹಾಯುವ ಮೊದಲು ಒಮ್ಮೆ ತಿರುಗಿಸಿ ಹಾಕಿ ನೋಡಿ. ಎಲ್‌ಇಡಿಗೆ ಪ್ಲಸ್ಸು-ಮೈನಸ್ಸಿನ ಭೇದ ಉಂಟು.